ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದ ನೋಟಿಸು: ಇಮೇಲ್‌ನ ಜರಡಿಯನ್ನು ಪಳಗಿಸುವುದು ಹೇಗೆ?

ಉಪ್ಪಳ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಒಬ್ಬ ಯುವಕ ಇದ್ದಾನೆ ಅಂದುಕೊಳ್ಳಿ. ಅಂಗಡಿಗೆ ಜಿಎಸ್‌ಟಿ ನೋಂದಣಿ ಇದೆ. ನೋಂದಣಿ ಮಾಡಿಸುವಾಗ ಕೊಟ್ಟ ಮೇಲ್ ಐಡಿ ಅವನದ್ದೇ. ಆದರೆ ಅದನ್ನು ಅವನು ತೆರೆಯುವುದು ಒಟಿಪಿ ಬೇಕಾದಾಗ ಮಾತ್ರ. ಅಕೌಂಟೆಂಟ್ ಬದಲಾದ ಗಡಿಬಿಡಿಯಲ್ಲಿ ಆರು ತಿಂಗಳ ರಿಟರ್ನ್ ಬಾಕಿ ಆಯಿತು. ಇಲಾಖೆಯಿಂದ ಶೋಕಾಸ್ ನೋಟಿಸು ಬಂತು: ನೋಂದಣಿಯನ್ನು ಯಾಕೆ ರದ್ದು ಮಾಡಬಾರದು, ಏಳು ಕೆಲಸದ ದಿನಗಳೊಳಗೆ ಉತ್ತರ ಕೊಡಿ. ಆ ಮೇಲ್ ಇನ್‌ಬಾಕ್ಸ್‌ಗೆ ಬರಲೇ ಇಲ್ಲ. ಲಾಟರಿ, ಸಾಲ, ತೂಕ ಇಳಿಸುವ ಮದ್ದು ಇವುಗಳ ನಡುವೆ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಹೋಗಿ ಕುಳಿತಿತು. ಕೊನೆಗೆ ಸಗಟು ವ್ಯಾಪಾರಿ ಫೋನ್ ಮಾಡಿ, "ನಿಮ್ಮ ಜಿಎಸ್‌ಟಿ ನಂಬರ್ ಕ್ಯಾನ್ಸಲ್ ಅಂತ ತೋರಿಸ್ತದಲ್ಲ, ಬಿಲ್ ಹೇಗೆ ಹಾಕುದು?" ಅಂತ ಕೇಳಿದಾಗಲೇ ಅವನಿಗೆ ವಿಷಯ ಗೊತ್ತಾದದ್ದು.

ಇದು ಕಲ್ಪಿಸಿದ ಉದಾಹರಣೆ. ಆದರೆ ಇದರೊಳಗಿನ ನಿಯಮಗಳು ಕಲ್ಪನೆಯಲ್ಲ. ತಿಂಗಳ ರಿಟರ್ನ್ ಹಾಕಬೇಕಾದವರು ಸತತ ಆರು ತಿಂಗಳು ಹಾಕದಿದ್ದರೆ ನೋಂದಣಿ ರದ್ದು ಮಾಡಲು ಇಲಾಖೆಗೆ ಅಧಿಕಾರ ಇದೆ. ಉತ್ತರಕ್ಕೆ ಸಿಗುವುದು ಏಳು ಕೆಲಸದ ದಿನ. ಮುಖ್ಯವಾಗಿ, ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ ನೋಂದಣಿಯ ಸಮಯದಲ್ಲಿ ಕೊಟ್ಟ ಇಮೇಲ್ ವಿಳಾಸಕ್ಕೆ ಕಳಿಸುವುದು ನೋಟಿಸು ಜಾರಿ ಮಾಡುವ ಕ್ರಮಗಳಲ್ಲಿ ಒಂದು. ಅಂದರೆ ಪೋಸ್ಟ್‌ಮ್ಯಾನ್ ಬಂದು ಸಹಿ ಹಾಕಿಸಿಕೊಂಡು ಹೋಗಬೇಕು ಅಂತ ಇಲ್ಲ. "ಸ್ಪ್ಯಾಮ್‌ಗೆ ಹೋಗಿತ್ತು, ನೋಡಲಿಲ್ಲ" ಅಂದರೆ ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ. ರದ್ದಾದ ಮೇಲೆ ಮತ್ತೆ ಜೀವ ಕೊಡಿಸಲು 90 ದಿನದ ಅವಕಾಶ ಇದೆ, ನಿಜ. ಆದರೆ ಬಾಕಿ ರಿಟರ್ನ್, ಲೇಟ್ ಫೀ, ಬಡ್ಡಿ ಎಲ್ಲವನ್ನೂ ಕಟ್ಟಿದ ಮೇಲೆ.

ಸ್ಪ್ಯಾಮ್ ಅಂದರೆ ಸುಮ್ಮನೆ ಕಿರಿಕಿರಿ ಕೊಡುವ ಜಾಹೀರಾತು ಅಂತ ಹೆಚ್ಚಿನವರ ಅಂದಾಜು. ಅದು ಅರ್ಧ ಮಾತ್ರ ಸರಿ. ಇಮೇಲ್ ಕಂಪೆನಿಗಳು ಇಟ್ಟಿರುವ ಜರಡಿ ಎರಡು ಬಗೆಯಲ್ಲಿ ತಪ್ಪುತ್ತದೆ. ಕೆಲವೊಮ್ಮೆ ಕಲ್ಲನ್ನು ಅಕ್ಕಿಯ ಜೊತೆ ಬಿಡುತ್ತದೆ, ಕೆಲವೊಮ್ಮೆ ಅಕ್ಕಿಯನ್ನೇ ಕಲ್ಲಿನ ಜೊತೆ ಎಸೆಯುತ್ತದೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ಆದ್ದರಿಂದ ಎರಡನೆಯದೇ ಹೆಚ್ಚು ದುಬಾರಿ.

ಹೆಸರಿನ ಕತೆ ಕೇಳಿದರೆ ನಮ್ಮವರಿಗೆ ನಗು ಬರಬಹುದು. ಸ್ಪ್ಯಾಮ್ ಅನ್ನುವುದು ಅಮೆರಿಕದ ಹಾರ್ಮೆಲ್ ಕಂಪೆನಿ 1937ರಲ್ಲಿ ಮಾರುಕಟ್ಟೆಗೆ ತಂದ ಡಬ್ಬಿಯ ಹಂದಿಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ತಂಡ ಟಿವಿಯಲ್ಲಿ ಒಂದು ಹಾಸ್ಯ ಮಾಡಿತು: ಹೋಟೆಲಿನ ಮೆನುವಿನಲ್ಲಿ ಏನು ಕೇಳಿದರೂ ಅದರ ಜೊತೆ ಸ್ಪ್ಯಾಮ್, ಬೇಡ ಅಂದರೂ ಸ್ಪ್ಯಾಮ್. ಬೇಡ ಅಂದರೂ ಬರುವ ಸಂದೇಶಕ್ಕೆ ಇಂಟರ್‌ನೆಟ್‌ನವರು ಅದೇ ಹೆಸರನ್ನು ಇಟ್ಟರು. ಅಂಥ ಮೊದಲ ಸಂದೇಶ ಅಂತ ಹೇಳುವುದು 1978ರ ಮೇ 3ರಂದು ಗ್ಯಾರಿ ಥುಯೆರ್ಕ್ ಎಂಬ ಮಾರಾಟ ಅಧಿಕಾರಿ ಸುಮಾರು 400 ಜನರಿಗೆ ಒಟ್ಟಿಗೆ ಕಳಿಸಿದ ಕಂಪ್ಯೂಟರ್ ಜಾಹೀರಾತನ್ನು. ಈಗ ಜಿಮೇಲ್ ಒಂದೇ ದಿನಕ್ಕೆ ಸುಮಾರು 1,500 ಕೋಟಿ ಬೇಡದ ಮೇಲ್‌ಗಳನ್ನು ತಡೆಯುತ್ತೇವೆ ಅಂತ ಗೂಗಲ್ ಹೇಳಿಕೊಳ್ಳುತ್ತದೆ.

ಜರಡಿ ಹೇಗೆ ತೀರ್ಮಾನ ಮಾಡುತ್ತದೆ?

ಗಲ್ಫ್‌ನಿಂದ ಊರಿಗೆ ಪಾರ್ಸೆಲ್ ಬರುವ ಕ್ರಮ ಎಲ್ಲರಿಗೂ ಗೊತ್ತು. ರಜೆಯಲ್ಲಿ ಬರುವ ಯಾರದ್ದಾದರೂ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸುತ್ತಾರೆ. ಪೆಟ್ಟಿಗೆ ಮನೆಗೆ ಬಂದಾಗ ಉಮ್ಮ ಏನು ನೋಡುತ್ತಾರೆ? ತಂದವನು ಮಗ ಫೋನಿನಲ್ಲಿ ಹೇಳಿದ ಅದೇ ಹುಡುಗನಾ? ಮಗ ಸುತ್ತಿದ ಟೇಪ್, ಟೇಪಿನ ಮೇಲೆ ಹಾಕಿದ ಸಹಿ ಹಾಗೆಯೇ ಇದೆಯಾ? ಎರಡೂ ಸರಿ ಇಲ್ಲದಿದ್ದರೆ ಏನು ಮಾಡಬೇಕು ಅಂತ ಮಗ ಮೊದಲೇ ಹೇಳಿದ್ದಾನಾ?

ಇಮೇಲ್‌ನಲ್ಲಿ ನಡೆಯುವುದೂ ಇದೇ. ಒಂದು ಕಂಪೆನಿ ತನ್ನ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಪಟ್ಟಿ ಹಾಕಿ ಇಡುತ್ತದೆ. ಅದರ ಹೆಸರು ಎಸ್‌ಪಿಎಫ್. ಟೇಪಿನ ಮೇಲಿನ ಸಹಿಯ ಹಾಗಿರುವ ಡಿಜಿಟಲ್ ಮುದ್ರೆಗೆ ಡಿಕೆಐಎಂ ಅಂತ ಹೆಸರು. ದಾರಿಯಲ್ಲಿ ಯಾರಾದರೂ ಒಳಗಿನ ಮಾತು ಬದಲಾಯಿಸಿದರೆ ಆ ಮುದ್ರೆ ಹೊಂದುವುದಿಲ್ಲ. ಎರಡೂ ತಾಳೆಯಾಗದಿದ್ದರೆ ಮೇಲ್ ಅನ್ನು ಸ್ಪ್ಯಾಮ್‌ಗೆ ಹಾಕಿ ಅಥವಾ ವಾಪಸ್ ಕಳಿಸಿ ಅಂತ ಕಂಪೆನಿ ಮೊದಲೇ ಕೊಟ್ಟ ಸೂಚನೆ ಡಿಎಂಎಆರ್‌ಸಿ. ಹೆಸರು ನೆನಪಿಡಬೇಕಾಗಿಲ್ಲ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಅನುಮಾನ ಇರುವ ಮೇಲ್‌ನ ಬಲಬದಿಯ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ಅಂತ ಕೊಟ್ಟರೆ ಈ ಮೂರರ ಎದುರು 'ಪಾಸ್' ಅಥವಾ 'ಫೇಲ್' ಅಂತ ಕಾಣುತ್ತದೆ.

ಆದರೆ ಪಾಸ್ ಅಂದ ಕೂಡಲೇ ಮೇಲ್ ಒಳ್ಳೆಯದು ಅಂತ ಅರ್ಥ ಅಲ್ಲ. ಮೋಸಗಾರ ತನ್ನದೇ ಡೊಮೇನ್ ಖರೀದಿಸಿ, ಅದಕ್ಕೆ ಸರಿಯಾಗಿ ಮುದ್ರೆ ಹಾಕಿಯೂ ಕಳಿಸಬಹುದು. ಪಾರ್ಸೆಲ್ ತಂದವನು ಯಾರು ಅಂತ ಖಾತ್ರಿಯಾಯಿತು, ಅವನು ಒಳ್ಳೆಯವನು ಅಂತ ಆಗಲಿಲ್ಲ, ಅಷ್ಟೇ.

ಎರಡನೇ ಪರೀಕ್ಷೆ ಒಳಗಿನ ಮಾತಿನದ್ದು. 2002ರಲ್ಲಿ ಪಾಲ್ ಗ್ರಹಾಮ್ ಎಂಬ ಅಮೆರಿಕದ ಪ್ರೋಗ್ರಾಮರ್ ಒಂದು ಲೇಖನ ಬರೆದ. ಸ್ಪ್ಯಾಮ್ ಹಿಡಿಯಲು ನಿಯಮ ಮಾಡುತ್ತಾ ಕೂರುವ ಬದಲು, ಒಳ್ಳೆಯ ಮೇಲ್‌ಗಳ ಒಂದು ರಾಶಿ, ಸ್ಪ್ಯಾಮ್‌ನ ಒಂದು ರಾಶಿ ಇಟ್ಟು ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬರುತ್ತದೆ ಅಂತ ಯಂತ್ರವೇ ಲೆಕ್ಕ ಹಾಕಲಿ ಅಂತ ಅವನ ವಾದ. ಲೆಕ್ಕ ಹಾಕಿದಾಗ ತಮಾಷೆಯ ಸಂಗತಿ ಸಿಕ್ಕಿತು. ಕಡುಗೆಂಪು ಅಕ್ಷರಕ್ಕೆ ಬಳಸುವ ಬಣ್ಣದ ಕೋಡ್ ಅಶ್ಲೀಲ ಪದಗಳಷ್ಟೇ ಖಚಿತವಾಗಿ ಸ್ಪ್ಯಾಮ್‌ನ ಗುರುತಾಗಿತ್ತು. ಮನುಷ್ಯ ನಿಯಮ ಬರೆಯುತ್ತಿದ್ದರೆ ಅದು ಹೊಳೆಯುತ್ತಿರಲಿಲ್ಲ. ಇಂದಿನ ಜರಡಿಗಳು ಇದಕ್ಕಿಂತ ತುಂಬಾ ಮುಂದೆ ಹೋಗಿವೆ, ಆದರೆ ಬುಡದ ತತ್ವ ಅದೇ: ಜನ ಯಾವುದನ್ನು ಒಳ್ಳೆಯದು, ಯಾವುದನ್ನು ಕೆಟ್ಟದ್ದು ಅಂದರೋ ಅದರಿಂದ ಕಲಿಯುವುದು.

ಇದರಿಂದಲೇ ನಮ್ಮ ಚಿಕ್ಕ ವ್ಯಾಪಾರಿಗಳಿಗೆ ಪೆಟ್ಟು ಬೀಳುವುದು. ಸೂರತ್‌ನ ಬಟ್ಟೆಯವನೋ ತಿರುಪುರದ ಬನಿಯನ್‌ನವನೋ ಅಂಗಡಿ ಹೆಸರಿನಲ್ಲಿ ಡೊಮೇನ್ ತಗೊಂಡಿರುತ್ತಾನೆ, ಮುದ್ರೆ ಪಟ್ಟಿ ಒಂದೂ ಹಾಕಿರುವುದಿಲ್ಲ. ಸಬ್ಜೆಕ್ಟ್ ಜಾಗದಲ್ಲಿ 'ಸ್ಪೆಷಲ್ ಆಫರ್, ಅರ್ಜೆಂಟ್' ಅಂತ ದೊಡ್ಡ ಅಕ್ಷರದಲ್ಲಿ ಬರೆದು, ರೇಟ್ ಲಿಸ್ಟ್ ಅನ್ನು 300 ಜನರಿಗೆ ಒಟ್ಟಿಗೆ ಕಳಿಸುತ್ತಾನೆ. ಜರಡಿಯ ಕಣ್ಣಿಗೆ ಅವನಿಗೂ ಲಾಟರಿಯವನಿಗೂ ವ್ಯತ್ಯಾಸ ಕಾಣುವುದಿಲ್ಲ. ಪೆರ್ನಾಲಿನ ಮೊದಲು ನಮ್ಮ ಅಂಗಡಿಯವರು ಗಿರಾಕಿಗಳಿಗೆಲ್ಲ ಒಟ್ಟಿಗೆ ಮೇಲ್ ಕಳಿಸುವಾಗ ಆಗುವುದೂ ಇದೇ. ಸಾಮಾನ್ಯ ಜಿಮೇಲ್‌ನಿಂದ ದಿನಕ್ಕೆ 500 ಜನರಿಗಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ಅದಕ್ಕಿಂತ ಕಡಿಮೆ ಕಳಿಸಿದರೂ, ಪಡೆದವರಲ್ಲಿ ನಾಲ್ಕು ಜನ 'ಸ್ಪ್ಯಾಮ್' ಅಂತ ಒತ್ತಿದರೆ ನಿಮ್ಮ ಮುಂದಿನ ಕೊಟೇಶನ್ ಕೂಡ ಆ ಕಡೆಗೇ ಹೋಗುವ ಅಪಾಯ ಇದೆ.

ಡಿಲೀಟ್ ಮಾಡಿದರೆ ಜರಡಿ ಕಲಿಯುವುದಿಲ್ಲ

ಬೇಡದ ಮೇಲ್ ಬಂದಾಗ ಹತ್ತರಲ್ಲಿ ಒಂಬತ್ತು ಜನ ಮಾಡುವುದು ಡಿಲೀಟ್. ಅದರಿಂದ ಇನ್‌ಬಾಕ್ಸ್ ಚೊಕ್ಕ ಆಗುತ್ತದೆ, ಜರಡಿಗೆ ಏನೂ ಗೊತ್ತಾಗುವುದಿಲ್ಲ. ನಾಳೆ ಅದೇ ಜಾತಿಯ ಮೇಲ್ ಮತ್ತೆ ಬರುತ್ತದೆ. ಮೂರು ಚುಕ್ಕೆ ಒತ್ತಿ 'ರಿಪೋರ್ಟ್ ಸ್ಪ್ಯಾಮ್' ಕೊಡಬೇಕು. 'ಬ್ಲಾಕ್' ಅನ್ನುವುದು ಬೇರೆ. ಅದು ಆ ಒಂದು ವಿಳಾಸವನ್ನು ಮಾತ್ರ ತಡೆಯುತ್ತದೆ. ಸ್ಪ್ಯಾಮ್ ಕಳಿಸುವವನು ದಿನಕ್ಕೊಂದು ವಿಳಾಸ ಬದಲಿಸುವವನಾದ್ದರಿಂದ ಬ್ಲಾಕ್ ಮಾಡುತ್ತಾ ಕೂತರೆ ಮುಗಿಯುವ ಕೆಲಸ ಅಲ್ಲ.

ಹಾಗಂತ ನೀವೇ ಸೇರಿಕೊಂಡ ಪಟ್ಟಿಗಳಿಗೆ ಸ್ಪ್ಯಾಮ್ ಮುದ್ರೆ ಹಾಕುವುದು ಸರಿಯಲ್ಲ. ಯಾವುದೋ ಮಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿಸಿದ್ದು, ಶಾಪಿಂಗ್ ಆಪ್‌ಗೆ ಮೇಲ್ ಐಡಿ ಕೊಟ್ಟದ್ದು, ಇವೆಲ್ಲ ನಾವೇ ಕರೆದ ಅತಿಥಿಗಳು. ಅವುಗಳಿಗೆ 'ಅನ್‌ಸಬ್‌ಸ್ಕ್ರೈಬ್' ಇದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವ ಕಂಪೆನಿಗಳು ಜಾಹೀರಾತಿನ ಮೇಲ್‌ನಲ್ಲಿ ಒಂದೇ ಒತ್ತಿಗೆ ಹೊರಬರುವ ಬಟನ್ ಕೊಡಲೇಬೇಕು ಅಂತ ಗೂಗಲ್ ಮತ್ತು ಯಾಹೂ 2024ರಲ್ಲಿ ನಿಯಮ ತಂದವು. ಕಳಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲ್ ತಾನೇ ತೋರಿಸುವ ಬಟನ್ ಅನ್ನು ಧೈರ್ಯದಿಂದ ಒತ್ತಬಹುದು. ಆದರೆ ಗೊತ್ತೇ ಇಲ್ಲದವನಿಂದ ಬಂದ ಮೇಲ್‌ನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಇಲ್ಲಿ ಒತ್ತಿದರೆ ನಿಲ್ಲಿಸುತ್ತೇವೆ' ಅಂತ ಇದ್ದರೆ ಮುಟ್ಟಬೇಡಿ. ಒತ್ತಿದರೆ ಈ ವಿಳಾಸದಲ್ಲಿ ಜೀವ ಇರುವ ಮನುಷ್ಯ ಇದ್ದಾನೆ ಅಂತ ಅವನಿಗೆ ಖಾತ್ರಿ ಸಿಗುತ್ತದೆ, ಅಥವಾ ಲಿಂಕ್ ಬೇರೆ ಎಲ್ಲಿಗೋ ಕರೆದುಕೊಂಡು ಹೋಗುತ್ತದೆ.

ಈಗ ಮುಖ್ಯ ವಿಷಯ: ಒಳ್ಳೆಯ ಮೇಲ್ ಸ್ಪ್ಯಾಮ್‌ಗೆ ಹೋಗದ ಹಾಗೆ ಮಾಡುವುದು. ಜಿಮೇಲ್‌ನಲ್ಲಿ ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದದ್ದು 30 ದಿನ ಮಾತ್ರ ಇರುತ್ತದೆ, ಆಮೇಲೆ ತಾನಾಗಿ ಅಳಿಯುತ್ತದೆ. ಇನ್ನೊಂದು ತೊಡಕು, ಮಾಮೂಲಿ ಹುಡುಕಾಟ ಸ್ಪ್ಯಾಮ್ ಫೋಲ್ಡರ್ ಒಳಗೆ ಹೋಗುವುದಿಲ್ಲ. ಸಪ್ಲೈಯರ್ "ಮೇಲ್ ಹಾಕಿದ್ದೇನೆ" ಅಂದ, ನೀವು ಸರ್ಚ್ ಮಾಡಿದಿರಿ, ಸಿಗಲಿಲ್ಲ. "ಇಲ್ಲ ಮಾರಾಯ, ಬರ್ಲಿಲ್ಲ" ಅಂತ ಜಗಳ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಇನ್:ಎನಿವೇರ್' ಅಂತ ಹೊಡೆದು ಅದರ ಪಕ್ಕ ಅವನ ಹೆಸರು ಹಾಕಿದರೆ ಸ್ಪ್ಯಾಮ್, ಕಸದ ಬುಟ್ಟಿ ಎಲ್ಲವನ್ನೂ ಜಾಲಾಡಿ ತೋರಿಸುತ್ತದೆ. ಸಿಕ್ಕ ಮೇಲೆ ಓದಿ ಬಿಟ್ಟರೆ ಸಾಲದು, 'ನಾಟ್ ಸ್ಪ್ಯಾಮ್' ಕೊಡಬೇಕು. ಆಗಲೇ ಅದು ಇನ್‌ಬಾಕ್ಸ್‌ಗೆ ಬರುವುದು, ಜರಡಿಗೂ ಪಾಠ ಆಗುವುದು. ಆ ವಿಳಾಸವನ್ನು ಕಾಂಟ್ಯಾಕ್ಟ್‌ಗೆ ಸೇರಿಸಿಡುವುದೂ ಒಳ್ಳೆಯದು.

ಇದಕ್ಕಿಂತ ಗಟ್ಟಿ ಕ್ರಮ ಫಿಲ್ಟರ್. ಇದನ್ನು ಮೊಬೈಲ್ ಆಪ್‌ನಲ್ಲಿ ಮಾಡಲು ಆಗುವುದಿಲ್ಲ, ಕಂಪ್ಯೂಟರ್ ಬೇಕು. ಅಂಗಡಿಯಲ್ಲಿ ಇಲ್ಲದಿದ್ದರೆ ಗುರುತಿನವರ ಕಂಪ್ಯೂಟರ್‌ನಲ್ಲಿ ಕೂತು ಒಮ್ಮೆ ಮಾಡಿದರೆ ಸಾಕು, ಮೊಬೈಲ್‌ಗೂ ಅದೇ ಅನ್ವಯ ಆಗುತ್ತದೆ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಲು ಮರೆಯಬಾರದು. ಸರ್ಚ್ ಪೆಟ್ಟಿಗೆಯ ಬಲತುದಿಯ ಚಿಹ್ನೆ ಒತ್ತಿದರೆ ಒಂದು ಫಾರ್ಮ್ ತೆರೆಯುತ್ತದೆ. 'ಫ್ರಮ್' ಅನ್ನುವಲ್ಲಿ ಹಿಂದೆ ನಿಜವಾಗಿ ಬಂದಿದ್ದ ಮೇಲ್‌ನಿಂದ ಪೂರ್ತಿ ವಿಳಾಸವನ್ನು ಕಾಪಿ ಮಾಡಿ ಹಾಕಬೇಕು. 'ಕ್ರಿಯೇಟ್ ಫಿಲ್ಟರ್' ಒತ್ತಿ, 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಅನ್ನುವುದಕ್ಕೆ ಟಿಕ್ ಹಾಕಬೇಕು, ಜೊತೆಗೆ ಸ್ಟಾರ್ ಬೀಳುವ ಹಾಗೆಯೂ ಮಾಡಬಹುದು. ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕ್, ಇಬ್ಬರು ಮೂವರು ಮುಖ್ಯ ಸಪ್ಲೈಯರ್‌ಗಳು, ಮಕ್ಕಳ ಕಾಲೇಜು. ಇಷ್ಟಕ್ಕೆ ಅರ್ಧ ಗಂಟೆ ಸಾಕು.

ಒಂದು ಎಚ್ಚರ. ಫಿಲ್ಟರ್‌ನಲ್ಲಿ ವಿಳಾಸದ ಬದಲು 'ಜಿಎಸ್‌ಟಿ' ಅಥವಾ 'ಬ್ಯಾಂಕ್' ಅನ್ನುವ ಪದ ಕೊಟ್ಟು ಸ್ಪ್ಯಾಮ್‌ಗೆ ಕಳಿಸಬೇಡ ಅಂದರೆ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಮೋಸದ ಮೇಲ್‌ಗಳಲ್ಲಿ ಹೆಚ್ಚು ಇರುವ ಪದಗಳೇ ಅವು.

ಸ್ಪ್ಯಾಮ್ ಅಲ್ಲದೆ 'ಪ್ರೊಮೋಷನ್ಸ್' ಅಂತ ಇನ್ನೊಂದು ಮೂಲೆ ಇದೆ. ಸಪ್ಲೈಯರ್‌ಗಳ ರೇಟ್ ಲಿಸ್ಟ್ ಹೆಚ್ಚಾಗಿ ಅಲ್ಲಿ ಹೋಗಿ ಕೂರುತ್ತದೆ. ಅಲ್ಲಿಂದ 'ಪ್ರೈಮರಿ'ಗೆ ಎಳೆದು ಹಾಕಿದರೆ ಮುಂದಕ್ಕೂ ಹಾಗೇ ಮಾಡಲಾ ಅಂತ ಅದೇ ಕೇಳುತ್ತದೆ.

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇನ್ನೊಂದು ತೊಂದರೆ ಉಂಟು. ಕೇರಳ ಸರ್ಕಾರದ ಕೆಲವು ಸಂದೇಶಗಳು ಮಲಯಾಳದಲ್ಲಿ ಬರುತ್ತವೆ. ಕೇಳಿದರೆ ಅರ್ಥ ಆಗುತ್ತದೆ, ಮಾತಾಡಲೂ ಬರುತ್ತದೆ, ಆದರೆ ಅಕ್ಷರ ಓದುವಾಗ ತಡವರಿಸುವವರು ಬಹಳ. ಓದಲು ಬೇಜಾರಾಗಿ ಅದನ್ನೂ ಕಸದ ಜೊತೆ ಸೇರಿಸಿ ಬಿಡುತ್ತಾರೆ. ಹಾಗೆ ಮಾಡುವ ಮೊದಲು ಕಳಿಸಿದವರ ವಿಳಾಸ ಒಮ್ಮೆ ನೋಡಿ. ಜಿಮೇಲ್‌ನಲ್ಲೇ 'ಟ್ರಾನ್ಸ್‌ಲೇಟ್' ಇದೆ, ಕನ್ನಡಕ್ಕೂ ಮಾಡುತ್ತದೆ. ಭಾಷೆ ಸ್ವಲ್ಪ ವಿಚಿತ್ರವಾಗಿ ಬಂದರೂ ವಿಷಯ ಏನು ಅಂತ ಗೊತ್ತಾಗುತ್ತದೆ.

'ಮದೀನಾ ಮಂಝಿಲ್' ಮದೀನಾದಲ್ಲಿಲ್ಲ

ವಿಳಾಸ ನೋಡಿ ಅಂದರೆ ಹೇಗೆ ನೋಡುವುದು? ಮೊಬೈಲ್‌ನಲ್ಲಿ ಕಾಣುವುದು ಹೆಸರು ಮಾತ್ರ. ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಹೆಸರಿನ ಮೇಲೆ ಒತ್ತಿದರೆ ನಿಜವಾದ ವಿಳಾಸ ತೆರೆಯುತ್ತದೆ. ಅದನ್ನು ಹಿಂದಿನಿಂದ ಓದಬೇಕು. ಊರಿನಲ್ಲಿ 'ಮದೀನಾ ಮಂಝಿಲ್' ಅಂತ ಬೋರ್ಡ್ ಇರುವ ಮನೆ ಮದೀನಾದಲ್ಲಿಲ್ಲ, ಪೋಸ್ಟ್ ಕುಂಬಳೆ, ಜಿಲ್ಲೆ ಕಾಸರಗೋಡು. ಮನೆ ಹೆಸರು ಏನೇ ಇರಲಿ, ಮನೆ ಎಲ್ಲಿದೆ ಅಂತ ಹೇಳುವುದು ಕೊನೆಯ ಸಾಲು. ಇಮೇಲ್ ವಿಳಾಸವೂ ಹಾಗೇ. ಸರ್ಕಾರದ್ದಾದರೆ ಕೊನೆಯಲ್ಲಿ 'ಡಾಟ್ ಗವ್ ಡಾಟ್ ಇನ್' ಅಥವಾ 'ಡಾಟ್ ಎನ್ಐಸಿ ಡಾಟ್ ಇನ್' ಇರುತ್ತದೆ. 'ಜಿಎಸ್‌ಟಿ-ಗವ್-ಇನ್ ಡಾಟ್ ಕಾಮ್' ಅಂತ ಇದ್ದರೆ ಅದು ಮನೆ ಹೆಸರು ಮಾತ್ರ. ಬ್ಯಾಂಕ್‌ಗಳ ವೆಬ್‌ಸೈಟ್‌ಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿದ್ದು ಇದೇ ಗೊಂದಲ ಕಡಿಮೆ ಮಾಡಲು.

ತೆರಿಗೆ ನೋಟಿಸು ನಿಜವಾ ಅಂತ ತಿಳಿಯಲು ಮೇಲ್‌ನಲ್ಲಿರುವ ಲಿಂಕ್ ಒತ್ತುವ ಅಗತ್ಯವೇ ಇಲ್ಲ. ಜಿಎಸ್‌ಟಿಯದ್ದಾದರೆ ನೀವೇ ಪೋರ್ಟಲ್ ತೆರೆದು ಲಾಗಿನ್ ಆಗಿ ನೋಟಿಸ್‌ಗಳ ವಿಭಾಗ ನೋಡಿ. ನಿಜವಾದ ನೋಟಿಸು ಅಲ್ಲಿ ಇರುತ್ತದೆ. ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ 2019ರ ಅಕ್ಟೋಬರ್‌ನಿಂದ ಡಿಐಎನ್ ಎಂಬ ನಂಬರ್ ಹಾಕುತ್ತಾರೆ. ಇಲಾಖೆಯ ಇ-ಫೈಲಿಂಗ್ ಸೈಟ್‌ನಲ್ಲಿ ಅದನ್ನು ಹಾಕಿ ಪರೀಕ್ಷಿಸಬಹುದು.

ಯುವಕರ ಇನ್‌ಬಾಕ್ಸ್‌ಗೆ ಬರುವ ಮೋಸ ಬೇರೆ ತರಹದ್ದು. ಜಾಬ್ ಸೈಟ್‌ನಲ್ಲಿ ಬಯೋಡೇಟಾ ಹಾಕಿ ಸ್ವಲ್ಪ ದಿನ ಆಗುವಷ್ಟರಲ್ಲಿ ದುಬೈಯ ದೊಡ್ಡ ಹೋಟೆಲ್ ಅಥವಾ ಪೆಟ್ರೋಲಿಯಂ ಕಂಪೆನಿಯ ಲೋಗೋ ಇರುವ ಆಫರ್ ಲೆಟರ್ ಬರುತ್ತದೆ. ಇಂಟರ್‌ವ್ಯೂ ಇಲ್ಲ, ಸಂಬಳ ಭರ್ಜರಿ, ಟಿಕೆಟ್ ಅವರದ್ದೇ. ವೀಸಾ ಪ್ರೊಸೆಸಿಂಗ್‌ಗೆ ಸ್ವಲ್ಪ ಹಣ ಮಾತ್ರ ಈಗ ಕಟ್ಟಬೇಕು. ಅಲ್ಲಿಗೆ ನಿಲ್ಲಿಸಿ. ಯುಎಇಯ ಕಾರ್ಮಿಕ ಕಾನೂನಿನಲ್ಲಿ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕ ಅಂತ ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಏಜೆಂಟ್ ನೋಂದಣಿ ಇರುವವನಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಮೊದಲ ಸಲ ಗಲ್ಫ್‌ಗೆ ಹೊರಟವನಿಗೆ ಮನೆಯವರ ಚಿನ್ನ ಅಡವಿಡುವ ಮೊದಲು ಐದು ನಿಮಿಷ ಇದಕ್ಕೆ ಕೊಡಲು ಸಮಯ ಇಲ್ಲ ಅಂದರೆ ಏನು ಹೇಳುವುದು?

ಹೆಸರು ನೋಡಿ ಮುಸ್ಲಿಂ ಅಂತ ತಿಳಿದು ಬರುವ ಮೇಲ್‌ಗಳೂ ಇವೆ. "ಅಸ್ಸಲಾಮು ಅಲೈಕುಮ್, ಪ್ರೀತಿಯ ಸಹೋದರ" ಅಂತ ಶುರು. ಯಾವುದೋ ದೇಶದ ವಿಧವೆ, ಗಂಡ ಬಿಟ್ಟು ಹೋದ ಕೋಟಿಗಟ್ಟಲೆ ಹಣ, ಅದನ್ನು ಮಸೀದಿಗೋ ಅನಾಥರಿಗೋ ಹಂಚಲು ನಂಬಿಕಸ್ಥ ಮುಸ್ಲಿಂ ಒಬ್ಬ ಬೇಕು. ಉತ್ತರ ಕೊಟ್ಟರೆ ವಕೀಲರ ಫೀಸು, ಬ್ಯಾಂಕ್ ಚಾರ್ಜು ಅಂತ ಒಂದೊಂದೇ ಕೇಳುತ್ತಾರೆ. ನೈಜೀರಿಯಾದ ಅಪರಾಧ ಸಂಹಿತೆಯ ಸೆಕ್ಷನ್ ನಂಬರ್ ಹಿಡಿದು ಇದಕ್ಕೆ '419' ಅಂತಲೇ ಹೆಸರು. ಇಷ್ಟು ಹಳೆಯ, ಇಷ್ಟು ಬಾಲಿಶ ಕತೆಯನ್ನು ಇನ್ನೂ ಯಾಕೆ ಕಳಿಸುತ್ತಾರೆ ಅಂತ ಅನಿಸಬಹುದು. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು: ಕತೆ ಬೇಕೆಂದೇ ಹಾಗಿರುತ್ತದೆ. ಬುದ್ಧಿವಂತರು ನಕ್ಕು ಡಿಲೀಟ್ ಮಾಡಲಿ, ಅಷ್ಟಾದ ಮೇಲೂ ಉತ್ತರ ಕೊಡುವವನು ಸಿಕ್ಕಿದರೆ ಅವನ ಮೇಲೆ ಮಾತ್ರ ಸಮಯ ಹಾಕಿದರೆ ಸಾಕು. ಅಂದರೆ ಮೋಸಗಾರನ ಕೈಯಲ್ಲೂ ಒಂದು ಜರಡಿ ಇದೆ. ತಮಾಷೆಗೆ ಉತ್ತರ ಬರೆದವನು ಕೂಡ ಅವನ ಜರಡಿಯಲ್ಲಿ ನಿಂತುಬಿಡುತ್ತಾನೆ.

ವ್ಯಾಪಾರಿಗಳು ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ ಮೇಲ್ ಯಾವ ಜರಡಿಗೂ ಸಿಕ್ಕುವುದಿಲ್ಲ. ಸಪ್ಲೈಯರ್‌ನ ಮೇಲ್ ಖಾತೆಗೆ ಯಾರೋ ನುಗ್ಗಿರುತ್ತಾರೆ. ತಿಂಗಳಾನುಗಟ್ಟಲೆ ಸುಮ್ಮನೆ ಓದುತ್ತಾ ಇರುತ್ತಾರೆ. ಬಿಲ್ ಕಳಿಸುವ ಹೊತ್ತಿಗೆ ಸರಿಯಾಗಿ, ಅದೇ ವಿಳಾಸದಿಂದ, ಅದೇ ಹಳೆಯ ಮಾತುಕತೆಯ ಅಡಿಯಲ್ಲಿ ಒಂದು ಸಾಲು: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಇದಕ್ಕೆ ಹಾಕಿ. ಮುದ್ರೆ ಪಾಸ್, ಪಟ್ಟಿ ಪಾಸ್, ಭಾಷೆ ಪಾಸ್. ಇದಕ್ಕೆ ಮದ್ದು ಒಂದೇ. ಖಾತೆ ನಂಬರ್ ಬದಲಾದ ಮೇಲ್ ಬಂದರೆ, ಆ ಮೇಲ್‌ನಲ್ಲಿರುವ ನಂಬರ್‌ಗೆ ಅಲ್ಲ, ನಿಮ್ಮ ಫೋನಿನಲ್ಲಿ ಮೊದಲಿನಿಂದ ಇರುವ ನಂಬರ್‌ಗೆ ಕರೆ ಮಾಡಿ ಬಾಯಿಮಾತಿನಲ್ಲಿ ಕೇಳಬೇಕು. ಹಣ ಹೋಗಿಯೇ ಬಿಟ್ಟಿದ್ದರೆ ಪಂಚಾತಿಕೆಗೆ ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಸುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲಿ.

ಮೇಲ್ ಐಡಿ ಯಾರದ್ದು?

ಸ್ಪ್ಯಾಮ್ ಕಡಿಮೆ ಮಾಡುವ ಸುಲಭ ಉಪಾಯ, ಒಂದೇ ವಿಳಾಸವನ್ನು ಎಲ್ಲ ಕಡೆ ಹಂಚದಿರುವುದು. ಜಿಮೇಲ್‌ನಲ್ಲಿ ವಿಳಾಸದ ಹೆಸರಿನ ಭಾಗದ ಕೊನೆಗೆ ಪ್ಲಸ್ ಚಿಹ್ನೆ ಹಾಕಿ ಯಾವುದಾದರೂ ಪದ ಸೇರಿಸಿ ಕೊಡಬಹುದು. ಜಾಬ್ ಸೈಟ್‌ಗೆ 'ಪ್ಲಸ್ ಜಾಬ್', ಶಾಪಿಂಗ್‌ಗೆ 'ಪ್ಲಸ್ ಶಾಪ್'. ಎಲ್ಲವೂ ಬರುವುದು ನಿಮ್ಮ ಅದೇ ಇನ್‌ಬಾಕ್ಸ್‌ಗೆ. ನಾಳೆ 'ಪ್ಲಸ್ ಜಾಬ್' ವಿಳಾಸಕ್ಕೆ ಸಾಲದ ಜಾಹೀರಾತು ಬಂದರೆ ಯಾರು ಮಾರಿದ್ದು ಅಂತ ಗೊತ್ತಾಯಿತು. ಕೆಲವು ಸೈಟ್‌ಗಳು ಪ್ಲಸ್ ಚಿಹ್ನೆ ಒಪ್ಪುವುದಿಲ್ಲ. ಅಲ್ಲಿಗೆ ಬೇರೆಯೇ ಒಂದು ಐಡಿ ಮಾಡಿಕೊಂಡರಾಯಿತು.

ಇದಕ್ಕಿಂತ ದೊಡ್ಡ ಸಮಸ್ಯೆ, ಸರ್ಕಾರಿ ದಾಖಲೆಗಳಲ್ಲಿರುವ ಮೇಲ್ ಐಡಿ ನಮ್ಮದೇ ಅಲ್ಲದಿರುವುದು. ಅರ್ಜಿ ತುಂಬಿಸುವಾಗ "ಇಮೇಲ್ ಉಂಟಾ?" ಅಂತ ಕೇಳುತ್ತಾರೆ, "ಇಲ್ಲ, ನೀವೇ ಏನಾದ್ರೂ ಹಾಕಿ" ಅನ್ನುತ್ತೇವೆ. ಅರ್ಜಿ ತುಂಬಿಸಿದವರದ್ದೋ ಅಕೌಂಟೆಂಟ್‌ನದ್ದೋ ಐಡಿ ಬೀಳುತ್ತದೆ. ಅವರ ಇನ್‌ಬಾಕ್ಸ್‌ಗೆ ನೂರಾರು ಜನರ ಮೇಲ್ ಬರುವಾಗ ನಿಮ್ಮ ನೋಟಿಸನ್ನು ಹುಡುಕಿ ಫೋನ್ ಮಾಡುವವರು ಯಾರು? ಜಿಎಸ್‌ಟಿ ನೋಂದಣಿಯಲ್ಲಿ ಇಮೇಲ್ ಮತ್ತು ಮೊಬೈಲ್ ನಂಬರ್ ಬದಲಿಸಲು ಅಧಿಕಾರಿಯ ಅನುಮತಿಗೆ ಕಾಯಬೇಕಾಗಿಲ್ಲ. ಪೋರ್ಟಲ್‌ನಲ್ಲಿ 'ನಾನ್-ಕೋರ್' ತಿದ್ದುಪಡಿ ಅಂತ ಇದೆ, ಹೊಸ ಐಡಿಗೆ ಬರುವ ಒಟಿಪಿ ಹಾಕಿದರೆ ಕೆಲಸ ಆಗುತ್ತದೆ.

ಸ್ವಂತ ಐಡಿ ಇರುವವರು ಎರಡು ವಿಷಯ ನೋಡಿಕೊಳ್ಳಬೇಕು. ಜಿಮೇಲ್‌ನಲ್ಲಿ ಪುಕ್ಕಟೆ ಸಿಗುವ 15 ಜಿಬಿ ಜಾಗ ಮೇಲ್‌ಗೆ ಮಾತ್ರ ಅಲ್ಲ, ಡ್ರೈವ್ ಮತ್ತು ಫೋಟೋಗಳಿಗೂ ಸೇರಿಯೇ. ಮದುವೆ ವಿಡಿಯೋಗಳೆಲ್ಲ ಬ್ಯಾಕಪ್ ಆಗಿ ಜಾಗ ತುಂಬಿದರೆ ಹೊಸ ಮೇಲ್ ಒಳಗೆ ಬರುವುದೇ ಇಲ್ಲ, ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಆಗ ಸ್ಪ್ಯಾಮ್ ಫೋಲ್ಡರ್ ಹುಡುಕಿಯೂ ಪ್ರಯೋಜನ ಇಲ್ಲ.

ಇನ್ನೊಂದು ರಿಕವರಿ ನಂಬರ್. ಎಷ್ಟೋ ಮನೆಗಳಲ್ಲಿ ಅಂಗಡಿಯ ಮೇಲ್ ಐಡಿ ಮಾಡಿಕೊಟ್ಟದ್ದು ಗಲ್ಫ್‌ನಲ್ಲಿದ್ದ ಅಣ್ಣ, ಅದಕ್ಕೆ ಕೊಟ್ಟದ್ದು ಅವನ ಅಲ್ಲಿನ ಸಿಮ್ ನಂಬರ್. ಅಣ್ಣ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಬಂದ, ಸಿಮ್ ಸತ್ತಿತು. ಪಾಸ್‌ವರ್ಡ್ ಮರೆತ ದಿನ ಒಟಿಪಿ ಹೋಗುವುದು ಯಾರದ್ದೋ ಕೈಗೆ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸಿ ಹಾಕುವ ಹಕ್ಕನ್ನೂ ಗೂಗಲ್ ಇಟ್ಟುಕೊಂಡಿದೆ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟ್ ತೆರೆದು, 'ಸೆಕ್ಯುರಿಟಿ' ಅನ್ನುವಲ್ಲಿ ರಿಕವರಿ ಫೋನ್ ಯಾವುದು ಅಂತ ಇವತ್ತೇ ನೋಡಿ, ಊರಿನ ನಂಬರ್ ಹಾಕಿಬಿಡಿ. ಸ್ಪ್ಯಾಮ್ ಫೋಲ್ಡರ್‌ಗೆ ವಾರಕ್ಕೊಮ್ಮೆ ಕಣ್ಣು ಹಾಯಿಸಿದರೆ ಸಾಕು. ಶುಕ್ರವಾರ ಜುಮಾ ಮುಗಿಸಿ ಬಂದು ಅಂಗಡಿಯ ಶಟರ್ ಎತ್ತಿ, ಮೊದಲ ಗಿರಾಕಿ ಬರುವ ಮೊದಲಿನ ಐದು ನಿಮಿಷ ಅದಕ್ಕೆ ಇಟ್ಟುಕೊಳ್ಳಬಹುದು.